ಟನ್ನಿನ ಲೆಕ್ಕ, ಗಂಟೆಯ ಲೆಕ್ಕ

ಏಪ್ರಿಲ್ 22, 2021, ಗುರುವಾರ. ಪೀಣ್ಯ

ಕೋವಿಡ್ ರೋಗಿಗಳಿಗೆ ಬೇಕೆಂದು ಇವತ್ತಿನಿಂದ ಕಾರ್ಖಾನೆಗಳಿಗೆ ಆಕ್ಸಿಜನ್ ಬಂದ್. ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ಒಂಬತ್ತು ಬಗೆಯ ಉದ್ಯಮಗಳಿಗೆ ವಿನಾಯಿತಿ ಇದೆ. ಔಷಧ, ಪೆಟ್ರೋಲಿಯಂ, ಉಕ್ಕು, ಅಣುಶಕ್ತಿ, ಹೀಗೆ. ಪೀಣ್ಯದ ಗ್ಯಾಸ್ ಕಟಿಂಗ್ ಶೆಡ್ಡುಗಳನ್ನು ಆ ಪಟ್ಟಿಗೆ ಯಾರು ಸೇರಿಸುತ್ತಾರೆ? ಬೆಳಿಗ್ಗೆಯಿಂದ ನಮ್ಮ ಫಿಲ್ಲಿಂಗ್ ಘಟಕದ ಗೇಟಿನ ಹತ್ತಿರ ನಿಂತು ಬೈದು ಹೋದವರೆಲ್ಲ ಹಳೇ ಗಿರಾಕಿಗಳು. ಸೆಕೆಂಡ್ ಸ್ಟೇಜಿನ ಫ್ಯಾಬ್ರಿಕೇಷನ್ ಶೆಡ್ಡಿನವರು ಮಾತ್ರ ಬೈಯಲಿಲ್ಲ. "ಅರ್ಧ ಕತ್ತರಿಸಿದ ಪ್ಲೇಟು ಹಾಗೇ ಬಿದ್ದಿದೆ ಸಾರ್, ನಾಲ್ಕು ಸಿಲಿಂಡರ್ ಆದ್ರೆ ಮುಗಿದುಹೋಗುತ್ತೆ" ಅಂದರು. ಆಗೋದಿಲ್ಲ ಅಂದೆ. ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತಿದ್ದು, "ಹಂಗಾದ್ರೆ ನನ್ನ ಖಾಲಿ ಸಿಲಿಂಡರ್ ನಿಮಗೆ ಬೇಕಾ? ನಲವತ್ತಿವೆ" ಎಂದು ಕೇಳಿದರು.

ಆಗ ಹ್ಞೂಂ ಅನ್ನಲಿಲ್ಲ. ಈಗ ಬರೆಯಲು ಕೂತಾಗ ಅದೇ ತಲೆಯಲ್ಲಿ ಸುತ್ತುತ್ತಿದೆ. ಅನಿಲಕ್ಕಿಂತ ಮೊದಲು ತೀರಿಹೋಗುವುದು ಸಿಲಿಂಡರ್ರೇ. ಆಸ್ಪತ್ರೆಯಿಂದ ಖಾಲಿ ವಾಪಸ್ ಬಂದರೆ ತಾನೆ ತುಂಬುವುದು?

ರಾತ್ರಿ ಮಗಳು ಫೋನು ಮಾಡಿದ್ದಳು. "ಅಪ್ಪಾ, ನೀವು ಆಕ್ಸಿಜನ್ ತಯಾರಿಸೋರಲ್ವಾ, ಸ್ವಲ್ಪ ಜಾಸ್ತಿ ತಯಾರಿಸೋಕೆ ಏನು ಕಷ್ಟ?" ಓದಿದ ಹುಡುಗಿಗೇ ಹೀಗೆ ಅನ್ನಿಸಿದರೆ ಊರಿಗೆ ಹೇಗೆ ಅರ್ಥವಾಗಬೇಕು. ತಯಾರಿಸುವುದು ಗಾಳಿಯನ್ನು ಹಿಂಡುವ ದೊಡ್ಡ ಘಟಕಗಳು, ಹೆಚ್ಚಿನವು ಬಳ್ಳಾರಿ ಕಡೆ, ಉಕ್ಕಿನ ಕಾರ್ಖಾನೆಗಳ ಮಗ್ಗುಲಲ್ಲಿ. ಅಲ್ಲಿಂದ ಮೈನಸ್ 183 ಡಿಗ್ರಿಯ ದ್ರವ ಟ್ಯಾಂಕರಿನಲ್ಲಿ ಚಳ್ಳಕೆರೆ, ಹಿರಿಯೂರು, ಶಿರಾ ದಾಟಿ ಮುನ್ನೂರು ಕಿಲೋಮೀಟರ್ ಬರಬೇಕು. ಅದನ್ನು ಆವಿ ಮಾಡಿ ಸಿಲಿಂಡರಿಗೆ ತುಂಬಿ ಕಳಿಸುವುದಷ್ಟೇ ನಮ್ಮ ಕೆಲಸ. ನಾವು ಮಧ್ಯದವರು. ಮೇಲಿನವರು ಕೊಟ್ಟರೆ ಕೆಳಗಿನವರಿಗೆ ಕೊಡುತ್ತೇವೆ, ಇಬ್ಬರ ಹತ್ತಿರವೂ ಬೈಸಿಕೊಳ್ಳುತ್ತೇವೆ.

ಏಪ್ರಿಲ್ 25, ಭಾನುವಾರ

ಆ ಒಂಬತ್ತರ ವಿನಾಯಿತಿಯೂ ಹೋಯಿತು. ದೇಶದಲ್ಲಿರುವ ದ್ರವ ಆಕ್ಸಿಜನ್ ಪೂರ್ತಿ ಆಸ್ಪತ್ರೆಗೆ, ಇದ್ದ ದಾಸ್ತಾನು ಸಮೇತ. ಒಳ್ಳೆಯದೇ. ಆದರೆ ಆದೇಶ ಬರೆದವರ ಮನಸ್ಸಿನಲ್ಲಿ ಆಕ್ಸಿಜನ್ ಕೊಳಾಯಿ ನೀರಿನ ಹಾಗೆ, ಆ ಕಡೆಯ ನಲ್ಲಿ ನಿಲ್ಲಿಸಿದರೆ ಈ ಕಡೆ ಜಾಸ್ತಿ ಬರುತ್ತದೆ ಎಂಬಂತೆ ಇದೆ. ಟ್ಯಾಂಕರ್ ಎಲ್ಲಿದೆ? ಅಪಾಯಕಾರಿ ಸರಕು ಸಾಗಿಸುವ ಲೈಸೆನ್ಸಿನ ಡ್ರೈವರ್ ಎಲ್ಲಿದ್ದಾನೆ? ನಮ್ಮ ಇಬ್ಬರು ಡ್ರೈವರುಗಳಲ್ಲಿ ಒಬ್ಬನಿಗೆ ಜ್ವರ, ಊರಿಗೆ ಹೋಗಿ ಮಲಗಿದ್ದಾನೆ. ಸಂಡೂರಿನವನು ಒಬ್ಬನೇ ಓಡಾಡುತ್ತಿದ್ದಾನೆ.

ನಾಗಪುರದ ಪೆಸೊದವರು, ಅಂದರೆ ಸ್ಫೋಟಕ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ, ಎರಡು ಕೆಲಸಕ್ಕೆ ಬೇಗನೆ ದಾರಿ ಬಿಟ್ಟಿದ್ದಾರೆ. ಸಾರಜನಕ, ಆರ್ಗಾನ್ ಸಾಗಿಸುವ ಟ್ಯಾಂಕರುಗಳನ್ನು ಆಕ್ಸಿಜನ್ನಿಗೆ ಬದಲಾಯಿಸಬಹುದು. ಕೈಗಾರಿಕೆಯ ಸಿಲಿಂಡರ್ ಶುದ್ಧಮಾಡಿ ಆಸ್ಪತ್ರೆಗೆ ಕೊಡಬಹುದು. ಮಾಮೂಲಿ ಕಾಲದಲ್ಲಿ ಇಂಥ ಒಂದು ಅನುಮತಿಗೆ ಎಷ್ಟು ಕಾಗದ ಓಡಾಡಬೇಕು ಅಂತ ನನಗೆ ಗೊತ್ತು. ಹಾಗಾಗಿ ಈ ಬೇಗಕ್ಕೆ ಶಹಬ್ಬಾಸ್ ಅನ್ನಲೇಬೇಕು.

ಸೆಕೆಂಡ್ ಸ್ಟೇಜಿನವರಿಗೆ ಫೋನು ಮಾಡಿದೆ. ಮಧ್ಯಾಹ್ನಕ್ಕೆ ನಲವತ್ತೂ ಬಂದವು. ಪೂರ್ತಿ ಕಪ್ಪು ಬಣ್ಣದವು. ಆಸ್ಪತ್ರೆಯದಾದರೆ ಹೆಗಲಿಗೆ ಬಿಳಿ ಇರುತ್ತದೆ. ಬರೀ ಬಣ್ಣ ಬಳಿದರೆ ಸಾಲದು. ಕಟಿಂಗ್ ಶೆಡ್ಡಿನಲ್ಲಿ ಎಣ್ಣೆಗೈ ಮುಟ್ಟಿರುತ್ತದೆ, ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಾಗಿದರೆ ಬೆಂಕಿ. ವಾಲ್ವ್ ಬಿಚ್ಚಿ ಒಳಗೆ ನೋಡಿ, ತೊಳೆದು ಒಣಗಿಸಿ, ವ್ಯಾಕ್ಯೂಮ್ ಹಾಕಿ ಹಳೆಯ ಅನಿಲ ತೆಗೆದು, ಆಮೇಲೆ ತುಂಬಬೇಕು. ಹುಡುಗರು ರಾತ್ರಿವರೆಗೆ ಕೂತು ಮಾಡಿದರು. ಒಂದು ಸರ್ಕಾರಿ ಕಚೇರಿಯಿಂದ ಬಂದವರು ನಲವತ್ತರ ನಂಬರುಗಳನ್ನೂ ಬರೆದುಕೊಂಡು, ಲೆಟರ್‌ಹೆಡ್ ಮೇಲೆ "ತಾತ್ಕಾಲಿಕವಾಗಿ ಪಡೆಯಲಾಗಿದೆ" ಎಂದು ಕೊಟ್ಟರು. ನಮ್ಮ ಮಾಲೀಕರು ಅದನ್ನು ಓದದೆ ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು. ನಾನು ಜೆರಾಕ್ಸ್ ತೆಗೆಸಿಟ್ಟಿದ್ದೇನೆ.

ಏಪ್ರಿಲ್ 28, ಬುಧವಾರ

ನಿನ್ನೆ ರಾತ್ರಿ ಒಂಬತ್ತರಿಂದ ರಾಜ್ಯ ಬಂದ್. ಲೋಡಿಂಗ್ ಹುಡುಗರನ್ನು ಜಾಲಹಳ್ಳಿ ಕ್ರಾಸಿನಲ್ಲಿ ತಡೆದು ಗಾಡಿ ಕೀ ಕಿತ್ತುಕೊಂಡಿದ್ದಾರೆ. ಆ ಹೊತ್ತಿಗೆ ಅದೇ ಪೊಲೀಸರ ಪೈಲಟ್ ಗಾಡಿ ನಮ್ಮ ಟ್ಯಾಂಕರಿಗೆ ನೆಲಮಂಗಲದಿಂದ ಜೀರೋ ಟ್ರಾಫಿಕ್ ಮಾಡಿಸಿ ಕರೆದುಕೊಂಡು ಬರುತ್ತಿತ್ತು! ಟ್ಯಾಂಕರ್ ಬಂದು ನಿಂತಿತು, ಇಳಿಸಿಕೊಳ್ಳಲು ಆಳಿಲ್ಲ. ನಾನೂ ಅಕೌಂಟ್ಸ್ ಹುಡುಗನೂ ಹೋಸ್ ಪೈಪು ಹಿಡಿದೆವು. ಠಾಣೆಗೆ ಫೋನು ಮಾಡಿದಾಗ ಇನ್‌ಸ್ಪೆಕ್ಟರ್ ಮಾತು ಚೆನ್ನಾಗಿಯೇ ಇತ್ತು. "ಟ್ಯಾಂಕರ್ ಬಿಡಿ ಅಂತ ಆರ್ಡರ್ ಇದೆ, ಹುಡುಗರ ವಿಷಯ ಅದರಲ್ಲಿಲ್ವಲ್ರೀ" ಅಂದರು. ಹತ್ತು ನಿಮಿಷದಲ್ಲಿ ಕಳಿಸಿದರು.

ಇವತ್ತು ಔಷಧ ನಿಯಂತ್ರಣ ಇಲಾಖೆಯಿಂದ ಒಬ್ಬ ಡ್ರಗ್ ಇನ್‌ಸ್ಪೆಕ್ಟರನ್ನು ನಮ್ಮಲ್ಲೇ ಕೂರಿಸಿದ್ದಾರೆ. ಮೂವತ್ತು ದಾಟಿರಲಾರದು ಆಕೆಗೆ. ಎರಡು ಮಾಸ್ಕ್, ಮೇಲೆ ಫೇಸ್ ಶೀಲ್ಡ್. ಬಂದ ಕೂಡಲೇ ತೂಕದ ಚೀಟಿ ಕೇಳಿದರು. "ಬಂದಿರೋದು ಇಷ್ಟು ಟನ್. ಟನ್ನಿಗೆ ನೂರು ಸಿಲಿಂಡರ್ ಅಂತ ನಮಗೆ ಹೇಳಿದ್ದಾರೆ. ನಿಮ್ಮ ರಿಜಿಸ್ಟರಿನಲ್ಲಿ ತೊಂಬತ್ತರ ಲೆಕ್ಕ ಇದೆ. ಮಿಕ್ಕಿದ್ದು ಎಲ್ಲಿ ಹೋಯ್ತು?"

ಮಾಲೀಕರಿಗೆ ಕೆಂಡದಂಥ ಕೋಪ. ಅವರನ್ನು ಒಳಗೆ ಕಳಿಸಿ, "ಬನ್ನಿ ಮೇಡಂ, ನಿಂತು ನೋಡಿ" ಅಂದೆ. ಹೋಸ್ ಜೋಡಿಸಿದ ಕೂಡಲೇ ಬೆಳ್ಳಗೆ ಹೊಗೆಯೇಳುತ್ತದಲ್ಲ, ಬಿಸಿ ಪೈಪು ತಣ್ಣಗಾಗುವವರೆಗೆ ಅದರಲ್ಲಿ ಹೋದ ದ್ರವವೆಲ್ಲ ಆವಿ. ಪಂಪು ತಣ್ಣಗಾಗುವವರೆಗೆ ಇನ್ನೊಂದಿಷ್ಟು. ದಾರಿಯಲ್ಲಿ, ಬಿಸಿಲಲ್ಲಿ ನಿಂತಾಗ, ಒತ್ತಡ ಏರಿ ಸೇಫ್ಟಿ ವಾಲ್ವಿನಿಂದ ಹೋಗುವುದು ಬೇರೆ. ಒಂದು ಲೀಟರ್ ದ್ರವ ಆವಿಯಾದರೆ ಎಂಟುನೂರು ಲೀಟರಿಗೂ ಮಿಕ್ಕಿ ಅನಿಲ. ಸೋರಿದ್ದು ಕಣ್ಣಿಗೆ ಚೂರು ಕಂಡರೂ ಲೆಕ್ಕದಲ್ಲಿ ದೊಡ್ಡದೇ. ಆಕೆ ಒಂದು ಗಂಟೆ ಬಿಸಿಲಲ್ಲಿ ನಿಂತರು. ಯಾವುದಕ್ಕೆ ಎಷ್ಟು ಎಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೊನೆಗೆ, "ಅಂದ್ರೆ ಟ್ಯಾಂಕರ್ ಎರಡು ಕಡೆ ನಿಂತು ಅರ್ಧರ್ಧ ಇಳಿಸಿದ್ರೆ ನಷ್ಟ ಎರಡು ಸಲ?" ಅಂದರು. ಹೌದು ಮೇಡಂ. "ಹಂಗಾದ್ರೆ ನಾಳೆ ಅರ್ಧ ಬೇರೆ ಕಡೆ ಇಳಿಸಬೇಕು ಅಂತ ಇರೋದನ್ನ ಬೇಡ ಅಂತ ಹೇಳ್ತೀನಿ." ಹೇಳಿದರು ಕೂಡ. ಆಕ್ಸಿಜನ್ ಹಂಚಿಕೆ ನೋಡಿಕೊಳ್ಳುವ ವಾರ್ ರೂಮಿನವರು ಒಪ್ಪಿದರು.

ಇಷ್ಟು ವರ್ಷದಲ್ಲಿ ನಮ್ಮಲ್ಲಿಗೆ ಬಂದ ಅಧಿಕಾರಿಗಳು ರಿಜಿಸ್ಟರ್ ನೋಡಿದ್ದಾರೆ, ಲೈಸೆನ್ಸ್ ನೋಡಿದ್ದಾರೆ, ಟೀ ಕುಡಿದಿದ್ದಾರೆ. ಪಂಪು ಹೇಗೆ ಓಡುತ್ತದೆ ಅಂತ ನಿಂತು ನೋಡಿದವರನ್ನು ನಾನು ಕಂಡಿಲ್ಲ.

ಮೇ 1, ಶನಿವಾರ

ರಜೆಯ ದಿನ, ಹೆಸರಿಗೆ. ಬೆಳಿಗ್ಗೆ ಮೂರು ಕಡೆಯಿಂದ ಮೂರು ಆದೇಶ. ಒಬ್ಬರು ಇಡೀ ಲೋಡು ಒಂದು ದೊಡ್ಡಾಸ್ಪತ್ರೆಗೆ ಅಂದರು. ಇನ್ನೊಬ್ಬರು ಪಕ್ಕದ ಜಿಲ್ಲೆಗೆ. ಮೂರನೆಯವರು ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. "ಮೇಲಿಂದ ಮಾತಾಡ್ತಿದೀವಿ" ಅಂದರು, ಎಷ್ಟು ಮೇಲಿಂದ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಇದಕ್ಕಿಂತ ಕಷ್ಟದ ವಿಷಯ ಬೇರೆಯಿದೆ. ಪ್ರತಿದಿನ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ದಾಸ್ತಾನು ಎಷ್ಟಿದೆ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಬೇಕು. ನಾನು ಇದ್ದದ್ದನ್ನು ಇದ್ದ ಹಾಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಅದರ ಮೇಲೆ ಯಾರದೋ ಕಣ್ಣು ಬಿದ್ದು ಲಾರಿ ಬಂತು. ನಮ್ಮನ್ನೇ ನಂಬಿರುವ ಚಿಕ್ಕ ನರ್ಸಿಂಗ್ ಹೋಮುಗಳಿವೆ, ಹದಿನೈದು ಇಪ್ಪತ್ತು ಹಾಸಿಗೆಯವು. ಅವರ ಹೆಸರು ಯಾವ ಸರ್ಕಾರಿ ಪಟ್ಟಿಯಲ್ಲೂ ಮೊದಲ ಪುಟದಲ್ಲಿ ಇಲ್ಲ. ಅವರಿಗೆ ಸಂಜೆಗೆ ಏನು ಕೊಡಲಿ? ರಸ್ತೆಯಾಚೆಯ ಘಟಕದ ಮ್ಯಾನೇಜರ್ ನಗುತ್ತಾ ಹೇಳಿದ: "ಅಣ್ಣಾ, ನೀವು ನಿಜ ಹಾಕ್ತೀರಾ? ನಿಜ ಹಾಕಿದವನ ಮಾಲೇ ಮೊದಲು ಹೋಗೋದು." ಅವನು ಯಾವಾಗಲೂ ಅರ್ಧ ಹಾಕುತ್ತಾನಂತೆ. ಅವನೇನು ಕಳ್ಳನಲ್ಲ. ಅವನ ಗಿರಾಕಿಗಳನ್ನು ಅವನು ಕಾಯುತ್ತಿದ್ದಾನೆ. ಆದರೆ ಎಲ್ಲರೂ ಅರ್ಧ ಹೇಳಿದರೆ ವಾರ್ ರೂಮಿನ ಗೋಡೆಯ ಮೇಲಿನ ಲೆಕ್ಕ ಪೂರ್ತಿ ಸುಳ್ಳಾಗಿ, ಅಲ್ಲಿ ಇನ್ನಷ್ಟು ಗಾಬರಿಯಾಗಿ, ಇನ್ನಷ್ಟು ಲಾರಿಗಳು ಬರುತ್ತವೆ.

ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ಹತ್ತಿರ ಇದನ್ನೇ ಹೇಳಿದೆ, ಪಕ್ಕದವನ ಹೆಸರು ಎತ್ತದೆ. ತಟ್ಟೆಯಲ್ಲಿ ಚಿತ್ರಾನ್ನ ಆರಿಹೋಗುವಷ್ಟು ಹೊತ್ತು ಯೋಚಿಸಿದರು. ಆಮೇಲೆ ಒಂದು ಮಾತಿಗೆ ಬಂದೆವು. ನಮ್ಮ ಖಾಯಂ ನರ್ಸಿಂಗ್ ಹೋಮುಗಳ ಪಟ್ಟಿ, ಅಲ್ಲಿನ ಹಾಸಿಗೆ, ದಿನದ ಬಳಕೆ ಎಲ್ಲ ಅವರಿಗೆ ಕೊಡುವುದು. ಅದಕ್ಕೆ ಬೇಕಾದಷ್ಟು ಸಿಲಿಂಡರ್ ಪ್ರತ್ಯೇಕ ನಿಲ್ಲಿಸುವುದು. ಅದನ್ನು ಯಾರೂ ಮುಟ್ಟುವಂತಿಲ್ಲ, ಮಾಲೀಕರೂ ಸೇರಿ. ಮಿಕ್ಕದ್ದನ್ನು ಕಾಸಿನಷ್ಟೂ ಬಚ್ಚಿಡದೆ ಗುಂಪಿನಲ್ಲಿ ಹಾಕುವುದು. ಅದನ್ನು ಎಲ್ಲಿಗೆ ಬೇಕಾದರೂ ಕಳಿಸಲಿ. ಆಕೆ ಇದನ್ನು ತಮ್ಮ ಪ್ಯಾಡಿನ ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಅಂಥ ಸಹಿ ಹಾಕುವ ಅಧಿಕಾರ ಅವರಿಗಿದೆಯೋ ಇಲ್ಲವೋ! ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆ ಬಂದ ಲಾರಿಯವನಿಗೆ ಹಾಳೆ ತೋರಿಸಿದೆ. ಪ್ರತ್ಯೇಕ ಇಟ್ಟದ್ದನ್ನು ಮುಟ್ಟದೆ ಹೋದ.

ಮೇ 3, ಸೋಮವಾರ

ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಜನ ಹೋದರು. ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ. ಎಲ್ಲವೂ ಆಕ್ಸಿಜನ್ ಕೊರತೆಯ ಸಾವಲ್ಲ ಎಂದು ಮಂತ್ರಿಗಳು ಅನ್ನುತ್ತಿದ್ದಾರೆ. ಹೊರಗೆ ನಿಂತು ಅಳುವವರು ಬೇರೆ ಹೇಳುತ್ತಿದ್ದಾರೆ. ಅಲ್ಲಿಗೆ ಸಿಲಿಂಡರ್ ಹೋಗುವುದು ಮೈಸೂರಿನಿಂದ. ಅರವತ್ತು ಕಿಲೋಮೀಟರ್ ಚಿಲ್ಲರೆ. ಸಂಜೆ ಹೊತ್ತಿಗೆ ಜಿಲ್ಲೆ ಜಿಲ್ಲೆಗಳ ನಡುವೆ ನೀವು ಕೊಡಲಿಲ್ಲ, ನೀವು ಕೇಳಲಿಲ್ಲ ಎಂಬ ಮಾತು ಶುರುವಾಗಿದೆ.

ಇಲ್ಲಿ ಕೂತು ಅವರ ಮೇಲೆ ತೀರ್ಪು ಹೇಳಲು ನಾನು ಯಾರು. ನನಗೆ ಗೊತ್ತಿರುವುದು ಸಿಲಿಂಡರ್ ಲೆಕ್ಕ ಒಂದೇ. ಜಂಬೋ ಸಿಲಿಂಡರಿನಲ್ಲಿ ಏಳು ಘನ ಮೀಟರ್, ಅಂದರೆ ಏಳು ಸಾವಿರ ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಎಳೆಯುವ ರೋಗಿಗೆ ಹನ್ನೊಂದು ಗಂಟೆಯ ಮೇಲೆ ಬರುತ್ತದೆ. ಹೈ ಫ್ಲೋ ಹಾಕಿ ಅರವತ್ತು ಲೀಟರ್ ಎಳೆದರೆ ಎರಡು ಗಂಟೆ ಪೂರ್ತಿ ಬರುವುದಿಲ್ಲ. ದೆಹಲಿಯವರು ಟನ್ನಿನಲ್ಲಿ ಮಾತಾಡುತ್ತಾರೆ, ಆಸ್ಪತ್ರೆಯ ಸ್ಟೋರಿನವರು ಸಿಲಿಂಡರಿನಲ್ಲಿ ಮಾತಾಡುತ್ತಾರೆ, ವಾರ್ಡಿನ ನರ್ಸ್ ಗಂಟೆಯಲ್ಲಿ ಮಾತಾಡುತ್ತಾಳೆ. ಈ ಮೂರನ್ನೂ ಒಂದು ಹಾಳೆಯ ಮೇಲೆ ತರುವವರು ಯಾರು? ಯಾವ ಇಲಾಖೆಯ ಕೆಲಸದ ಪಟ್ಟಿಯಲ್ಲಿ ಅದು ಬರೆದಿದೆ? ನಾವು ವ್ಯಾಪಾರಸ್ಥರೂ ಅಷ್ಟೇ, ಕೇಳಿದಷ್ಟು ಕೊಟ್ಟು ಚಲನ್ ಹರಿದು ಕೊಟ್ಟರೆ ಮುಗಿಯಿತು ಅಂತಲೇ ಇಷ್ಟು ವರ್ಷ ನಡೆಸಿದ್ದು.

ಮಾಲೀಕರು ಬಂದು ಕೂತು, "ನಾಳೆಯಿಂದ ಯಾರಿಗೂ ಕ್ರೆಡಿಟ್ ಇಲ್ಲ ಅಂದಿದ್ದೆನಲ್ಲ, ಅದು ಬಿಡಿ" ಅಂದು ಎದ್ದು ಹೋದರು.

ಮೇ 6, ಗುರುವಾರ

ಹೈಕೋರ್ಟಿನಿಂದ ನಿನ್ನೆ ದೊಡ್ಡ ಆದೇಶ. ರಾಜ್ಯಕ್ಕೆ ದಿನಕ್ಕೆ 965 ಟನ್ ಅಂತ ಇದ್ದುದನ್ನು 1200ಕ್ಕೆ ಏರಿಸಬೇಕು ಎಂದು ಮುಖ್ಯ ನ್ಯಾಯಮೂರ್ತಿ ಓಕಾ ಅವರ ಪೀಠ ಕೇಂದ್ರಕ್ಕೆ ಹೇಳಿದೆ. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಗಿದೆಯಂತೆ. ನಿನ್ನೆಯೇ ಮಂಗಳೂರಿಗೆ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹ್ರೇನಿನಿಂದ 54 ಟನ್ ತಂದು ಇಳಿಸಿದೆ. ಹುಡುಗರು ಮೊಬೈಲಿನಲ್ಲಿ ಹಡಗಿನ ಫೋಟೋ ನೋಡಿ ಖುಷಿಪಟ್ಟರು. ನಾನೂ ನೋಡಿದೆ.

ನಮ್ಮ ಅಂಗಳದಲ್ಲಿ ಇವತ್ತು ಆಗಿದ್ದು ಯಾವ ಪೇಪರಿನಲ್ಲೂ ಬರುವುದಿಲ್ಲ, ಆದ್ದರಿಂದ ಬರೆದಿಡುತ್ತೇನೆ. ಒಂದು ಆಸ್ಪತ್ರೆ, ಹೆಸರು ಬೇಡ, ಮೂರು ದಿನದಿಂದ ದುಪ್ಪಟ್ಟು ಇಂಡೆಂಟ್ ಹಾಕುತ್ತಿತ್ತು. ಅರ್ಧ ಕೇಳಿದರೆ ಕಾಲು ಸಿಗುತ್ತದೆ, ಎರಡರಷ್ಟು ಕೇಳಿದರೆ ಪೂರ್ತಿ ಸಿಗುತ್ತದೆ ಎಂಬ ಲೆಕ್ಕ ಅವರದ್ದು. ರೇಷನ್ ಅಂಗಡಿ ಮುಂದೆ ನಿಂತ ಯಾರಿಗಾದರೂ ಅರ್ಥವಾಗುವ ಲೆಕ್ಕವೇ. ಮೇಡಂ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ನೇರ ಅಲ್ಲಿಗೇ ಹೋದರು. ಅವರು ವಾರ್ಡಿನಲ್ಲಿ ಹಾಸಿಗೆ ಎಣಿಸಿ, ಯಾರಿಗೆ ಎಷ್ಟು ಲೀಟರ್ ಓಡುತ್ತಿದೆ ಎಂದು ಫ್ಲೋ ಮೀಟರ್ ನೋಡಿ ಬರೆದರು. ನಾನು ಕೆಳಗೆ, ಸಿಲಿಂಡರುಗಳನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ರೂಮಿಗೆ ಇಳಿದೆ. ಎರಡು ಜೋಡಣೆಯಲ್ಲಿ ಸುಯ್ ಅಂತ ಸೋರಿಕೆ, ವಾಷರ್ ಸವೆದುಹೋಗಿದೆ. ಮೂಲೆಯಲ್ಲಿ ಖಾಲಿ ಅಂತ ನಿಲ್ಲಿಸಿದ ಸಿಲಿಂಡರುಗಳ ಗೇಜ್ ನೋಡಿದರೆ ಕೆಲವುಗಳಲ್ಲಿ ಕಾಲು ಭಾಗ ಉಳಿದಿದೆ. ಗಾಬರಿಯಲ್ಲಿ ಮುಳ್ಳು ಕೆಳಗಿಳಿದ ತಕ್ಷಣ ಬದಲಾಯಿಸುತ್ತಾರೆ. ತಪ್ಪು ಅನ್ನುವ ಹಾಗಿಲ್ಲ. ಮುಗಿಯುವವರೆಗೆ ಕಾಯಿ ಅಂತ ನಾನು ಹೇಗೆ ಹೇಳಲಿ? ಎರಡು ಸಾಲು ಮಾಡಿ, ಒಂದು ಸಾಲು ಪೂರ್ತಿ ಇಳಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದನ್ನು ತೋರಿಸಿದೆ. ಹೊಸ ವಾಷರ್ ನನ್ನ ಜೇಬಲ್ಲೇ ಇತ್ತು.

ಅಲ್ಲಿನ ಡಾಕ್ಟರ್ ಮೊದಲು ಸಿಡಿಮಿಡಿಯಾಗಿದ್ದರು. ಹೊರಡುವಾಗ ಅವರು ಕೇಳಿದ್ದು ಒಂದೇ: "ಇಷ್ಟೇ ಸಾಕು ಅಂತ ಬರೆದುಕೊಡ್ತೀನಿ. ಆದ್ರೆ ಅಷ್ಟು ಬರೋದು ಗ್ಯಾರಂಟಿನಾ? ಎಷ್ಟು ಗಂಟೆಗೆ ಅಂತ ಹೇಳಿ." ಬೆಳಿಗ್ಗೆ ಐದು, ಸಂಜೆ ಐದು ಎಂದು ಮೇಡಂ ಹೇಳಿದರು, ನನ್ನ ಮುಖ ನೋಡಿಕೊಂಡು. ಇಂಡೆಂಟ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿತು. ಈಗ ಆ ಐದು ಗಂಟೆ ತಪ್ಪದ ಹಾಗೆ ನೋಡಿಕೊಳ್ಳಬೇಕು. ಸಂಡೂರಿನವನಿಗೆ ಫೋನು ಮಾಡಿದೆ. "ಇನ್ನಾ ಲೋಡ್ ಆಗಿಲ್ರಿ ಸರ, ನಮ್ ಮುಂದ ಭಾಳ ಗಾಡಿ ಅದಾವ" ಅಂದ.

ಮೇ 8, ಶನಿವಾರ

ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶದಲ್ಲಿ ಕೈಹಾಕಲಿಲ್ಲ. 1200 ಖಾಯಂ. ನಮ್ಮ ಟ್ಯಾಂಕರ್ ಇವತ್ತೂ ಆರು ಗಂಟೆ ತಡ.

ಬೆಲೆಯ ಬಗ್ಗೆ ಭಾವಮೈದುನ ಫೋನಿನಲ್ಲಿ ಚುಚ್ಚಿದ, "ನಿಮಗೆ ಸುಗ್ಗಿ ಬಿಡಿ ಭಾವ" ಅಂತ. ಘನ ಮೀಟರಿಗೆ ₹25.71ಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ ಎಂದು ಕಳೆದ ಸೆಪ್ಟೆಂಬರಿನಿಂದಲೇ ಸರ್ಕಾರ ಕಟ್ಟಿಹಾಕಿದೆ. ಜಂಬೋ ತುಂಬಿದರೆ ₹180ಕ್ಕೆ ಮೂರು ಪೈಸೆ ಕಡಿಮೆ, ಮೇಲೆ ತೆರಿಗೆ, ಸಾಗಣೆ. ಅದೇ ಸಿಲಿಂಡರ್ ರಸ್ತೆಗೆ ಹೋಗಿ ಯಾರ ಕೈಗೋ ಸಿಕ್ಕಿ ಸಾವಿರಗಟ್ಟಲೆಗೆ ಮಾರಿದರೆ ಆ ಹಣ ನಮ್ಮ ಗೇಟಿನೊಳಗೆ ಬರುವುದಿಲ್ಲ. ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಮೇ 11, ಮಂಗಳವಾರ

ರಾಜ್ಯಕ್ಕೆ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ವೈಟ್‌ಫೀಲ್ಡಿಗೆ ಬಂತು. ಜಾರ್ಖಂಡಿನ ಟಾಟಾನಗರದಿಂದ ಆರು ಕಂಟೇನರ್, 120 ಟನ್. ಬಳ್ಳಾರಿ ಕಡೆಯ ದ್ರವ ಹೊರರಾಜ್ಯಕ್ಕೂ ಹೋಗುತ್ತದೆ, ಜಾರ್ಖಂಡಿನದು ಇಲ್ಲಿಗೆ ಬರುತ್ತದೆ. ಮ್ಯಾಪಿನ ಮುಂದೆ ಕೂತರೆ ನಗು ಬರುತ್ತದೆ. ಆದರೆ ನಗುವ ಮೊದಲು ಯೋಚಿಸಬೇಕಾದ್ದೂ ಇದೆ: ಪ್ರತಿ ರಾಜ್ಯವೂ ತನ್ನ ಗಡಿಯೊಳಗಿನದು ತನಗೇ ಅಂದುಬಿಟ್ಟರೆ, ಉಕ್ಕಿನ ಕಾರ್ಖಾನೆ ಇಲ್ಲದ ದೆಹಲಿಯವರು ಏನು ಮಾಡಬೇಕು? ಹಂಚಿಕೆ ಕೇಂದ್ರದ ಕೈಯಲ್ಲಿರುವುದು ಸರಿ. ಹಂಚುವವರ ಪಕ್ಕದಲ್ಲಿ ಲಾರಿ ಓಡಿಸಿ ಗೊತ್ತಿರುವ ಒಬ್ಬನಾದರೂ ಕೂತಿರಬೇಕಿತ್ತು.

ರೈಲು ಬಂದ ಮೇಲೆ ಹೊಸ ತಾಪತ್ರಯ. ಕಂಟೇನರಿನಿಂದ ಇಳಿಸಿಕೊಳ್ಳಲು ವೈಟ್‌ಫೀಲ್ಡಿಗೆ ಟ್ಯಾಂಕರ್ ಬೇಕು, ಜೋಡಣೆ ಸರಿಹೊಂದಬೇಕು. ನಮ್ಮ ಫಿಲ್ಲರ್ ಹುಡುಗನನ್ನು ಕಳಿಸಿಕೊಡಿ ಎಂದು ಕೇಳಿದರು. ಬೇರೆ ಬೇರೆ ಅಳತೆಯ ಅಡಾಪ್ಟರುಗಳ ಚೀಲ ಹೊತ್ತುಕೊಂಡು ಹೋದ. ಎಸ್ಸೆಸ್ಸೆಲ್ಸಿ ಪಾಸಾದವನು, ಎರಡು ಕಡೆಯ ಇಂಜಿನಿಯರುಗಳ ಮಧ್ಯೆ ನಿಂತು ಯಾವ ಥ್ರೆಡ್ಡಿಗೆ ಯಾವುದು ಅಂತ ಹೇಳಿಕೊಟ್ಟನಂತೆ. ವಾಪಸ್ ಬಂದು, "ಸಾರ್, ಅಲ್ಲಿ ಬಿರಿಯಾನಿ ಕೊಟ್ರು" ಅಂತ ಅದನ್ನೇ ಎರಡು ಸಲ ಹೇಳಿದ.

ಮೇ 19, ಬುಧವಾರ

ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಹತ್ತಿರ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ. ಸಂಡೂರಿನವನು ಕಣ್ಣಾರೆ ನೋಡಿ ಬಂದ. ಕಾರ್ಖಾನೆಯಿಂದ ನೇರ ಪೈಪಿನಲ್ಲಿ ಅನಿಲವೇ ಹರಿಯುತ್ತದೆ, ಟ್ಯಾಂಕರಿಲ್ಲ, ಸಿಲಿಂಡರಿಲ್ಲ.

ಈ ಎಲ್ಲ ಗಲಾಟೆಯಲ್ಲಿ ನನಗೆ ಬಹಳ ಬುದ್ಧಿವಂತಿಕೆಯದು ಅನ್ನಿಸಿದ್ದು ಇದೇ. ಉಕ್ಕಿನ ಕಾರ್ಖಾನೆ ಬಳಸುವ ಆಕ್ಸಿಜನ್ ಬಹುಪಾಲು ಅನಿಲರೂಪದ್ದು. ಅದನ್ನು ದ್ರವ ಮಾಡುವ ಯಂತ್ರದ ಶಕ್ತಿ ಇಷ್ಟೇ ಅಂತ ಇರುತ್ತದೆ, ರಾತ್ರೋರಾತ್ರಿ ಹೆಚ್ಚಿಸಲು ಆಗುವುದಿಲ್ಲ. "ಇನ್ನಷ್ಟು ದ್ರವ ಕೊಡಿ" ಎಂದು ವಾರಗಟ್ಟಲೆ ಜಗ್ಗಾಡುವ ಬದಲು, ದ್ರವ ಮಾಡಲಾಗದ ಅನಿಲ ಎಲ್ಲಿದೆಯೋ ಅಲ್ಲಿಗೇ ಹಾಸಿಗೆ ಒಯ್ಯೋಣ ಎಂದು ಯಾರಿಗೋ ಹೊಳೆದಿದೆ. ಜಾಗ, ಪೈಪು ಕಂಪನಿಯದು. ಡಾಕ್ಟರು, ನರ್ಸು ಕಡೆಯ ಹೊಣೆ ಸರ್ಕಾರದ್ದು. ಬಳ್ಳಾರಿ, ಕೊಪ್ಪಳ ಕಡೆಯವರಿಗೆ ಉಸಿರು ಬಂದ ಹಾಗಾಯಿತು. ಬೆಂಗಳೂರಿಗೆ ಇದರಿಂದ ನೇರ ಪ್ರಯೋಜನ ಇಲ್ಲ, ಮುನ್ನೂರು ಕಿಲೋಮೀಟರ್ ರೋಗಿಯನ್ನು ಒಯ್ಯುವುದು ಹೇಗೆ? ಆದರೆ ಆ ಕಡೆಗೆ ಹೋಗುತ್ತಿದ್ದ ಸಿಲಿಂಡರುಗಳಲ್ಲಿ ಒಂದಿಷ್ಟಾದರೂ ಉಳಿದಾವು.

ಮಾಲೀಕರಿಗೆ ಹೇಳಿದರೆ, "ದೊಡ್ಡೋರು ಮಾಡಿದ್ರೆ ಪೇಪರಲ್ಲಿ ಬರುತ್ತೆ" ಅಂದರು. ಬರಲಿ ಬಿಡಿ ಅಂದೆ. ಹೊಟ್ಟೆಕಿಚ್ಚು ನನಗೂ ಸ್ವಲ್ಪ ಇತ್ತು ಅನ್ನಿ.

ಜೂನ್ 12, ಶನಿವಾರ

ಆಕ್ಸಿಜನ್ ಮೇಲಿನ ಜಿಎಸ್‌ಟಿ ಹನ್ನೆರಡರಿಂದ ಐದಕ್ಕೆ ಇಳಿದಿದೆ. ಅಂಗಳದಲ್ಲಿ ತುಂಬಿದ ಸಿಲಿಂಡರ್ ಸಾಲಾಗಿ ನಿಂತಿವೆ, ಒಯ್ಯುವವರಿಲ್ಲ. ಏಪ್ರಿಲ್ ಕೊನೆಯಲ್ಲಿ ಇಳಿಸಿದ್ದರೆ! ಸಭೆ ಸೇರಿ ತೀರ್ಮಾನಿಸಲು ತೆರಿಗೆ ಇಳಿಸುವವರಿಗೂ ಸಮಯ ಬೇಕು, ಒಪ್ಪುತ್ತೇನೆ. ಸಿಲಿಂಡರ್ ಬದಲಾಯಿಸಲು ಪೆಸೊದವರಿಗೆ ದಿನಗಳು ಸಾಕಾದವು. ಒಂದೇ ಸರ್ಕಾರದ ಎರಡು ಕೈ.

ಬಿಲ್ಲುಗಳ ಫೈಲ್ ತೆಗೆದೆ. ಖಾಸಗಿಯವರು ಹೆಚ್ಚೂಕಡಿಮೆ ಕೊಟ್ಟಿದ್ದಾರೆ. ತುರ್ತಿನಲ್ಲಿ ಬಾಯಿಮಾತಿನ ಮೇಲೆ ಬೇರೆ ಕಡೆಗೆ ತಿರುಗಿಸಿದ ಲೋಡುಗಳಿಗೆ ಮಾತ್ರ ದಿಕ್ಕಿಲ್ಲ. "ವರ್ಕ್ ಆರ್ಡರ್ ಲಗತ್ತಿಸಿ" ಎಂದು ವಾಪಸ್ ಕಳಿಸಿದ್ದಾರೆ. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಅಂಗಲಾಚಿದವರ ಧ್ವನಿಯನ್ನು ಯಾವ ಕಾಗದಕ್ಕೆ ಪಿನ್ ಹೊಡೆಯಲಿ? ಮಾಲೀಕರು ಈಗಿನಿಂದಲೇ ಹೇಳುತ್ತಿದ್ದಾರೆ, ಮೂರನೇ ಅಲೆ ಬಂದರೆ ಆರ್ಡರ್ ಕೈಗೆ ಬರದೆ ಒಂದು ಸಿಲಿಂಡರ್ ಅಲುಗಾಡಿಸುವುದಿಲ್ಲ ಅಂತ. ಆ ಹೊತ್ತು ಬಂದಾಗ ಕಳಿಸಿಯೇ ಕಳಿಸುತ್ತಾರೆ, ಅವರನ್ನು ನಾನು ಬಲ್ಲೆ. ಎಲ್ಲ ಮಾಲೀಕರೂ ಹಾಗಿರುವುದಿಲ್ಲವಲ್ಲ. ಸಾವಿರ ಲೋಡಿನಲ್ಲಿ ನಾಲ್ಕು ಬಿಲ್ಲು ನಿಲ್ಲಿಸಿದರೆ ಖಜಾನೆಗೆ ಉಳಿಯುವುದೆಷ್ಟೋ! ಮುಂದಿನ ಸಲ ಫೋನು ಎತ್ತುವ ಮೊದಲು ಹತ್ತು ಜನ ಯೋಚಿಸುತ್ತಾರೆ.

ಜುಲೈ 6, ಮಂಗಳವಾರ

ಸೆಕೆಂಡ್ ಸ್ಟೇಜಿನವರು ಬಂದಿದ್ದರು. ಶೆಡ್ಡು ಮತ್ತೆ ಶುರುವಾಗಿದೆ, ಆರ್ಡರ್ ಇದೆ, ಸಿಲಿಂಡರ್ ಇಲ್ಲ. "ನನ್ನ ನಲವತ್ತು ಸಾರ್" ಅಂದರು, ಮೆಲ್ಲಗೆ. ನಮ್ಮ ಅಂಗಳದಲ್ಲಿ ಅವರ ನಂಬರಿನವು ಹನ್ನೆರಡು ಸಿಕ್ಕವು. ಬಿಳಿ ಹೆಗಲಿಗೆ ಮತ್ತೆ ಕಪ್ಪು ಬಳಿಸುವ ಖರ್ಚು ಯಾರದ್ದು ಎಂಬ ಮಾತು ಬಂತು. ನಮ್ಮದೇ ಅಂತ ಮಾಲೀಕರು ಒಪ್ಪಿಕೊಂಡರು. ಉಳಿದ ಇಪ್ಪತ್ತೆಂಟು?

ಲೆಟರ್‌ಹೆಡ್ ಕೊಟ್ಟ ಕಚೇರಿಗೆ ಜೆರಾಕ್ಸ್ ಹಿಡಿದು ಹೋದೆ. ಸಹಿ ಹಾಕಿದವರಿಗೆ ವರ್ಗವಾಗಿದೆ. ಈಗಿನವರು ಕಾಗದ ತಿರುಗಿಸಿ ನೋಡಿ, "ಇದರಲ್ಲಿ ವಾಪಸ್ ಕೊಡ್ತೀವಿ ಅಂತ ಎಲ್ಲಿದೆ?" ಎಂದು ಕೇಳಿದರು. ನಿಜ, ಇಲ್ಲ. ತಾತ್ಕಾಲಿಕವಾಗಿ ಎಂದಷ್ಟೇ ಇದೆ.

ಸಂಜೆ ಮೇಡಂಗೆ ಫೋನು ಮಾಡಿದೆ. ಈಗ ಅವರು ಮೊದಲಿನ ಹಾಗೆ ಮೆಡಿಕಲ್ ಶಾಪುಗಳ ತಪಾಸಣೆಯಲ್ಲಿದ್ದಾರೆ. ಕಳೆದ ವಾರ ನಮ್ಮಲ್ಲಿಗೂ ಬಂದು, ಬದಲಾಯಿಸಿದ ಸಿಲಿಂಡರುಗಳ ರಿಜಿಸ್ಟರಿನಲ್ಲಿ ಎರಡು ಕಡೆ ಸಹಿ ಇಲ್ಲವೆಂದು ಮೆಮೊ ಕೊಟ್ಟು ಹೋಗಿದ್ದರು. ಮಾಲೀಕರು ಇನ್ನೂ ಅದಕ್ಕೆ ಗುರ್ ಅನ್ನುತ್ತಿದ್ದಾರೆ. ನನಗೇನೂ ಅನ್ನಿಸಲಿಲ್ಲ, ಸಹಿ ಇರಲಿಲ್ಲ. ವಿಷಯ ಹೇಳಿದ ಮೇಲೆ, "ಇರಿ, ನೋಟ್‌ಬುಕ್ ಮನೇಲಿದೆ" ಅಂದರು. ಒಂಬತ್ತು ಗಂಟೆಗೆ ವಾಟ್ಸ್ಯಾಪಿನಲ್ಲಿ ನಾಲ್ಕು ಪುಟದ ಫೋಟೋ ಬಂತು. ಯಾವ ದಿನ, ಯಾವ ಗಾಡಿ, ಯಾವ ಆಸ್ಪತ್ರೆ, ಎಷ್ಟು, ಕೆಲವು ಕಡೆ ಸಿಲಿಂಡರ್ ನಂಬರಿನ ಕೊನೆಯ ಮೂರು ಅಂಕಿ ಸಮೇತ. ಅದರಿಂದ ಹತ್ತೊಂಬತ್ತರ ದಾರಿ ತಿಳಿಯಿತು. ಎರಡು ಆಸ್ಪತ್ರೆಗೆ ರಾತ್ರಿಯೇ ಫೋನು ಮಾಡಿದೆ, ಹಿಂದಿನ ಶೆಡ್ಡಿನಲ್ಲಿ ಇರಬಹುದು ಅಂದರು. ಮಿಕ್ಕ ಒಂಬತ್ತು ಒಂದೇ ಗಾಡಿಯಲ್ಲಿ ಹೊಸಕೋಟೆ ಕಡೆ ಹೋಗಿವೆ, ಮುಂದೆ ಏನೂ ಬರೆದಿಲ್ಲ. ಗಾಡಿ ನಂಬರ್ ಇದೆ. ನಾಳೆ ಟೆಂಪೋ ತೆಗೆದುಕೊಂಡು ಮೊದಲು ಆ ಎರಡು ಆಸ್ಪತ್ರೆ, ಆಮೇಲೆ ಹೊಸಕೋಟೆ. ಸೆಕೆಂಡ್ ಸ್ಟೇಜಿನವರೂ ಬರುತ್ತಾರಂತೆ, ಅವರ ಸಿಲಿಂಡರಿನ ಗುರುತು ಅವರಿಗೇ ಚೆನ್ನಾಗಿ ಗೊತ್ತು.